ಮುಂದೆ ಕಲ್ಲು, ಹಿಂದೆ ಓಣಿ: ಬಿಯಾಶಾರಾ ಬೀದಿಯ ಸಾಲುಕಟ್ಟಡಗಳು

ಯುಗಾದಿ ಊಟದ ದಿನ, ಒಬ್ಬಟ್ಟಿನ ಎರಡನೆಯ ಸುತ್ತು ಬರುವುದಕ್ಕೆ ಮೊದಲು, ನಮ್ಮ ಸದಸ್ಯರೊಬ್ಬರು ಗ್ಲಾಸ್ಗೋದಲ್ಲಿ ಓದುತ್ತಿರುವ ಮಗಳು ಕಳಿಸಿದ ಫೋಟೋಗಳನ್ನು ಪಂಕ್ತಿಯಲ್ಲಿ ಎಲ್ಲರಿಗೂ ತೋರಿಸಿದರು. ಮಳೆಯಲ್ಲಿ ನೆನೆದ ಉದ್ದನೆಯ ಬೀದಿ, ಅದರ ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಮರಳುಗಲ್ಲಿನ ಮನೆಗಳು, ಎಲ್ಲಕ್ಕೂ ಒಂದೇ ಎತ್ತರ, ಒಂದೇ ಬಗೆಯ ಕಿಟಕಿ. "ವಿಕ್ಟೋರಿಯಾ ಕಾಲದ ಟೆರೇಸ್ ಅಂದ್ರೆ ಇದು ನೋಡಿ. ನಮ್ಮ ನೈರೋಬಿಯಲ್ಲಿ ಇಂಥದ್ದು ಏನಿದೆ, ಹೇಳಿ?" ಎಂದು ಕೇಳಿದರು. ಬಾಯಲ್ಲಿ ಒಬ್ಬಟ್ಟು ಇದ್ದದ್ದರಿಂದ ಆಗ ಉತ್ತರ ಕೊಡಲಾಗಲಿಲ್ಲ. ಸಂಪಾದಕರು ಈ ಸಂಚಿಕೆಗೆ ಎರಡು ಪುಟ ಖಾಲಿ ಇದೆ ಎಂದಾಗ, ಆ ಉತ್ತರವನ್ನು ಇಲ್ಲೇ ಬರೆದುಬಿಡೋಣ ಎನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ವಾಸ್ತುಶಿಲ್ಪಿ ಅಲ್ಲ. ಲೆಕ್ಕಪತ್ರ ನೋಡಿ ಹೊಟ್ಟೆ ಹೊರೆಯುವವನು. ಆದರೆ ಪುಸ್ತಕ ಬರೆಯದವನೂ ಪುಸ್ತಕದ ವಿಮರ್ಶೆ ಮಾಡಬಹುದಾದರೆ, ಇಟ್ಟಿಗೆ ಇಡದವನೂ ಬೀದಿಯ ವಿಮರ್ಶೆ ಮಾಡಬಹುದಷ್ಟೆ.

ಮೊದಲು ಗ್ಲಾಸ್ಗೋದ ವಿಷಯ. ಟೆರೇಸ್ ಎಂದರೆ ನಾವು ಬೆಂಗಳೂರಿನಲ್ಲಿ ಹಪ್ಪಳ ಒಣಗಿಸುತ್ತಿದ್ದ ತಾರಸಿಯಲ್ಲ. ನಡುಗೋಡೆಗಳನ್ನು ಹಂಚಿಕೊಂಡು ಸಾಲಾಗಿ ನಿಂತ ಮನೆಗಳು. ಅಲ್ಲಿನ ಗ್ರೇಟ್ ವೆಸ್ಟರ್ನ್ ಟೆರೇಸ್ ಈ ಬಗೆಯ ಕಟ್ಟಡಗಳಲ್ಲಿ ಹೆಸರಾದದ್ದು. 1860ರ ದಶಕದ ಕೊನೆಯಲ್ಲಿ ಶುರುವಾದ ಅದರ ವಿನ್ಯಾಸಕಾರ ಅಲೆಕ್ಸಾಂಡರ್ ಥಾಮ್ಸನ್ (1817-1875). 'ಗ್ರೀಕ್ ಥಾಮ್ಸನ್' ಎಂದೇ ಅಡ್ಡಹೆಸರು ಪಡೆದ ಈತ ಒಮ್ಮೆಯೂ ಗ್ರೀಸ್ ದೇಶ ನೋಡಿದವನಲ್ಲ! ಎರಡಂತಸ್ತಿನ ಉದ್ದ ಸಾಲಿನಲ್ಲಿ ಎರಡು ಕಡೆ ಮಾತ್ರ ಮೂರಂತಸ್ತು ಏರಿಸಿದ, ಅವನ್ನೂ ತುದಿಗಳಲ್ಲಿಡದೆ ಒಳಕ್ಕೆ ಸರಿಸಿದ. ಇಷ್ಟರಿಂದಲೇ ಬೇರೆ ಬೇರೆ ಸಂಸಾರಗಳ ಮನೆಗಳು ಸೇರಿ ಒಂದು ಅರಮನೆಯಂತೆ ಕಾಣುತ್ತವೆ. ಟೆರೇಸಿನ ಗುಟ್ಟು ಇದೇ. ಒಬ್ಬೊಬ್ಬನಿಗೆ ಸಾಧ್ಯವಿಲ್ಲದ ಗಾಂಭೀರ್ಯ ಎಲ್ಲರೂ ಒಂದೇ ಗೆರೆಗೆ ಒಪ್ಪಿದರೆ ಸಿಗುತ್ತದೆ. ಬದಲಿಗೆ, ನಿಮ್ಮ ಬಾಗಿಲಿಗೆ ನಿಮಗಿಷ್ಟದ ಕಮಾನು ಇಡುವ ಆಸೆಯನ್ನು ಬಿಡಬೇಕು.

ಮರಳುಗಲ್ಲು ನಮಗೇನೂ ಹೊಸದಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳೆಲ್ಲ ಮರಳುಗಲ್ಲೇ. ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಗೋಡೆ ಕಟ್ಟುವಾಗ ಆ ಪದರ ಭೂಮಿಯಲ್ಲಿದ್ದಂತೆಯೇ ಮಲಗಿರಬೇಕು. ಅವಸರದಲ್ಲಿ ಪದರವನ್ನು ಎಬ್ಬಿಸಿ ನಿಲ್ಲಿಸಿದರೆ, ಕೆಲವು ದಶಕ ಮಳೆ ತಿಂದ ಮೇಲೆ ಗೋಡೆಯ ಮುಖ ಈರುಳ್ಳಿ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ಗ್ಲಾಸ್ಗೋದ ಎಷ್ಟೋ ಮನೆಗಳಿಗೆ ಈ ರೋಗ ಇದೆ. ಫೋಟೋದಲ್ಲಿ ಅದು ಕಾಣುವುದಿಲ್ಲ, ಅಷ್ಟೆ.

ಈಗ ನೈರೋಬಿಗೆ ಬರೋಣ. ಲೆಕ್ಕಪತ್ರದವನ ಹಾಗೆ ಎರಡು ಬಾಕಿಗಳನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನೈರೋಬಿಯ ಕಟ್ಟಡದ ಕಲ್ಲು ಮರಳುಗಲ್ಲಲ್ಲ. ವಿಕ್ಟೋರಿಯಾ ಕಾಲವೂ ನೈರೋಬಿಗೆ ಇಲ್ಲ ಎನ್ನುವಷ್ಟು ಕಡಿಮೆ. ರೈಲುಹಳಿ ಇಲ್ಲಿಗೆ ಮುಟ್ಟಿದ್ದು 1899ರ ಮೇ ತಿಂಗಳಲ್ಲಿ. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಅಂದರೆ ನಮ್ಮ ಊರು ವಿಕ್ಟೋರಿಯನ್ ಆಗಿದ್ದದ್ದು ಸುಮಾರು 20 ತಿಂಗಳು! ಆ 20 ತಿಂಗಳಲ್ಲಿ ಇಲ್ಲಿದ್ದದ್ದು ಡೇರೆ, ಮರದ ಹಲಗೆ ಮತ್ತು ಮಬಾತಿ ತಗಡು. ರಾಣಿಯ ಹೆಸರು ಮಾತ್ರ ತಡವಾಗಿ ಬಂದು ಬಹುಕಾಲ ಉಳಿಯಿತು. ಇಂದಿನ ಟಾಮ್ ಎಂಬೋಯಾ ಬೀದಿ ಹಿಂದೆ ವಿಕ್ಟೋರಿಯಾ ಬೀದಿಯಾಗಿತ್ತು. ಕರಾಚಿಯಿಂದ ಬಂದು ರೈಲ್ವೆಗೆ ಕೂಲಿಗಳನ್ನೂ ಸಾಮಾನನ್ನೂ ಒದಗಿಸಿದ ಎ.ಎಂ. ಜೀವಂಜಿಯವರು ಊರಿಗೆ ಕೊಟ್ಟ ಉದ್ಯಾನದಲ್ಲಿ ರಾಣಿಯ ವಿಗ್ರಹ ಅನಾವರಣವಾದದ್ದು 1906ರಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ತುದಿಯಲ್ಲಿರುವ ವಿಕ್ಟೋರಿಯಾ ವಿಗ್ರಹವೂ ಅದೇ 1906ರದ್ದೇ. ಅಲ್ಲಿಯ ರಾಣಿ ಇನ್ನೂ ನಿಂತಿದ್ದಾಳೆ. ಇಲ್ಲಿಯದನ್ನು 2015ರಲ್ಲಿ ಯಾರೋ ಒಡೆದು ಹಾಕಿದರು.

ಹಾಗಾದರೆ ನೈರೋಬಿಯಲ್ಲಿ ಟೆರೇಸ್ ಇಲ್ಲವೆ? ಇದೆ. ನಾವೆಲ್ಲ ಅದರ ಮುಂದೆ ನೂರು ಸಲ ನಡೆದಿದ್ದೇವೆ. ಮಕ್ಕಳ ಶಾಲೆಯ ಯೂನಿಫಾರಂ, ಊರಿಗೆ ಒಯ್ಯುವ ಕಿಕೋಯಿ, ಬಾಣಂತಿಗೆ ಉಡುಗೊರೆ, ಕಂಬಳಿ, ಇವೆಲ್ಲ ಕೊಳ್ಳಲು ಎಲ್ಲಿಗೆ ಹೋಗುತ್ತೇವೆ? ಬಿಯಾಶಾರಾ ಬೀದಿಗೆ. ಕೆಳಗಿನ ಅಂಗಡಿಯ ಬೆಲೆ ನೋಡುತ್ತೇವೆಯೇ ಹೊರತು ತಲೆ ಎತ್ತಿ ಮೇಲಿನ ಗೋಡೆ ನೋಡುವುದಿಲ್ಲ.

ಈ ಬೀದಿಯ ಮೊದಲ ಹೆಸರು ಇಂಡಿಯನ್ ಬಜಾರ್, ಆಮೇಲೆ ಬಜಾರ್ ಸ್ಟ್ರೀಟ್. ಸ್ವಾತಂತ್ರ್ಯಾನಂತರ ಬಿಯಾಶಾರಾ, ಅಂದರೆ ಸ್ವಾಹಿಲಿಯಲ್ಲಿ ವ್ಯಾಪಾರ. ರೈಲು ಕಟ್ಟಲು ಭಾರತದಿಂದ ಸುಮಾರು 32,000 ಮಂದಿಯನ್ನು ಕರಾರಿನ ಮೇಲೆ ತಂದರು, ಅವರಲ್ಲಿ ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಮಂದಿ ಇಲ್ಲೇ ಸತ್ತರು, ಬಹುಪಾಲು ಮರಳಿದರು, ಆರೇಳು ಸಾವಿರ ಮಂದಿ ಉಳಿದುಕೊಂಡರು. ಉಳಿದವರಿಗೂ, ಅವರ ಹಿಂದೆ ಬಂದ ಗುಜರಾತಿ ವ್ಯಾಪಾರಿಗಳಿಗೂ ಬಜಾರೇ ಊರು. 1902ರಲ್ಲಿ ಪ್ಲೇಗ್ ಬಂದಾಗ ಅಧಿಕಾರಿಗಳು ಬಜಾರನ್ನೇ ಸುಟ್ಟುಹಾಕಿಸಿದರು. ತಗಡಿನ ಊರು ಸುಟ್ಟಮೇಲೆ ನಿಧಾನವಾಗಿ ಕಲ್ಲಿನ ಊರು ಎದ್ದಿತು. ಒಂದು ಸಲ ಸುಡಿಸಿಕೊಂಡವನು ಎರಡನೆಯ ಸಲ ಕಲ್ಲಿನಲ್ಲಿ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಅಂಗಡಿಗಳ ಷಟರ್ ಎಳೆದಿರುವಾಗ, ಮೋಯಿ ಅವೆನ್ಯೂ ಕಡೆಯಿಂದ ಸಿಟಿ ಮಾರ್ಕೆಟ್ ಕಡೆಗೆ ನಡೆದುಕೊಂಡು ಹೋಗಿ. ಕಿರಿದಾದ ನಿವೇಶನ, ಪಕ್ಕದವರೊಂದಿಗೆ ಒತ್ತಿಕೊಂಡ ಗೋಡೆ, ಕೆಳಗೆ ಅಂಗಡಿ, ಮೇಲೆ ಮನೆ, ಫುಟ್‌ಪಾತಿನ ಮೇಲೆ ಚಾಚಿದ ಚಾವಣಿ. ಇದು ಎಲ್ಲರಿಗೂ ಸಾಮಾನ್ಯ. ಇದರ ಮೇಲಿನದ್ದು ಅವರವರ ಆಸೆ, ಅವರವರ ದುಡ್ಡು. ಒಬ್ಬ ಕಿಟಕಿಯ ಮೇಲೆ ಅರ್ಧಚಂದ್ರದ ಕಮಾನು ಇಟ್ಟ, ಇನ್ನೊಬ್ಬ ಬಾಲ್ಕನಿ ಕಟ್ಟಿಸಿದ, ಮತ್ತೊಬ್ಬ ಸೂರಿನ ಮೇಲಿನ ಕೈಪಿಡಿ ಗೋಡೆಯನ್ನು ನಡುವೆ ಎತ್ತರಿಸಿ ಕಟ್ಟಿದ ವರ್ಷವನ್ನು ಕೆತ್ತಿಸಿದ. 1930ರ ನಂತರದವರು ಸಿನಿಮಾ ಮಂದಿರದ ರೀತಿ ಮೂಲೆಗಳನ್ನು ದುಂಡು ಮಾಡಿ ಸಿಮೆಂಟಿನ ಅಡ್ಡಗೆರೆ ಎಳೆಸಿದರು. ಥಾಮ್ಸನ್ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದನೇನೋ.

ಆದರೆ ವಿಮರ್ಶಕನಾಗಿ ನನ್ನ ತೀರ್ಪು ಬೇರೆ. ಗ್ಲಾಸ್ಗೋದ ಸಾಲನ್ನು ಒಬ್ಬ ಬರೆದ, ಉಳಿದವರು ಅದರಲ್ಲಿ ವಾಸ ಮಾಡಿದರು. ಬಿಯಾಶಾರಾದ ಸಾಲನ್ನು ಐವತ್ತು ವರ್ಷಗಳಲ್ಲಿ ಹತ್ತಾರು ಮಂದಿ ಸೇರಿ ಬರೆದರು. ಮೊದಲನೆಯದು ಒಬ್ಬ ಕವಿಯ ಪ್ರೌಢಕಾವ್ಯವಾದರೆ, ಎರಡನೆಯದು ಮದುವೆ ಮನೆಯಲ್ಲಿ ಹೆಂಗಸರು ಸರದಿಯ ಮೇಲೆ ಹಾಡುವ ಸೋಬಾನೆ ಪದ. ಒಬ್ಬೊಬ್ಬರ ದನಿ ಬೇರೆ, ಆದರೂ ಧಾಟಿ ತಪ್ಪುವುದಿಲ್ಲ. ಇಲ್ಲಿ ಧಾಟಿ ಹಿಡಿದಿಟ್ಟಿರುವುದು ಆ ನಿವೇಶನದ ಅಗಲ, ಚಾವಣಿಯ ಮಟ್ಟ ಮತ್ತು ಕಲ್ಲು.

ಆ ಕಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನೈರೋಬಿ ಕಲ್ಲು ಎನ್ನುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು. ಬಣ್ಣ ಬೂದು, ಕೆಲವು ಗಣಿಗಳದ್ದು ತುಸು ಹಳದಿ, ತುಸು ಕಂದು. ಥಿಕಾ ರಸ್ತೆಯಲ್ಲಿ ಜುಜಾ ದಾಟಿದರೆ ಸಿಗುವ ಎನ್ದರುಗೊ ಗಣಿಯ ಕಲ್ಲಿಗೆ ಇಂದಿಗೂ ಬಹಳ ಬೇಡಿಕೆ. ನಮ್ಮ ಬೆಂಗಳೂರಿನ ಗ್ರಾನೈಟಿನಂತೆ ಇದು ಉಳಿಯನ್ನು ಸೋಲಿಸುವ ಕಲ್ಲಲ್ಲ, ಕೈಯಿಂದ ಕತ್ತರಿಸಿ ಮಟ್ಟ ಮಾಡಬಹುದು. ಒಂಬತ್ತಂಗುಲಕ್ಕೆ ಒಂಬತ್ತು, ಆರಕ್ಕೆ ಒಂಬತ್ತು ಎಂದು ಅಳತೆಯಲ್ಲೇ ಇಲ್ಲಿ ಕಲ್ಲು ಕೇಳುತ್ತಾರೆ. ಹಳೆಯ ಗೋಡೆಗಳ ಹತ್ತಿರ ನಿಂತು ನೋಡಿ: ಕಲ್ಲಿನ ಅಂಚಿನ ಸುತ್ತ ಒಂದಂಗುಲದ ಪಟ್ಟಿಯನ್ನು ನುಣ್ಣಗೆ ಕೆತ್ತಿ, ನಡುಭಾಗವನ್ನು ಮಾತ್ರ ಗುಡ್ಡದಂತೆ ಒರಟಾಗಿ ಬಿಟ್ಟಿದ್ದಾರೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಆ ಒರಟಿನ ಪ್ರತಿ ಉಬ್ಬಿಗೂ ಒಂದು ನೆರಳು. ಕೋಣೆಯೊಳಗೆ ಕೂತು ಬರೆದ ನಕ್ಷೆಯಿಂದ ಇದು ಬರುವುದಿಲ್ಲ. ಪಂಜಾಬಿನ ರಾಮಗಢಿಯಾ ಸಿಖ್ಖರು, ಕಚ್ಛದ ಗಾರೆ ಕೆಲಸದವರು ಮತ್ತು ಅವರ ಪಕ್ಕದಲ್ಲಿ ಕಲಿತು ಅವರನ್ನೇ ಮೀರಿಸಿದ ಆಫ್ರಿಕನ್ ಫುಂಡಿಗಳು ಮಾಡಿದ ಕೆಲಸ. ಮೇಲೆ ಮಾಲೀಕನ ವರ್ಷ ಇದೆ, ಫುಂಡಿಯ ಹೆಸರು ಎಲ್ಲಿಯೂ ಇಲ್ಲ. ಹಳೇಬೀಡು, ಬೇಲೂರಿನ ಶಿಲ್ಪಿಗಳು ಎಂಟುನೂರು ವರ್ಷದ ಹಿಂದೆಯೇ ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ್ದರು. ಈ ವಿಷಯದಲ್ಲಿ ಹೊಯ್ಸಳರ ಕಾಲ ನಮ್ಮ ಕಾಲಕ್ಕಿಂತ ಮುಂದಿತ್ತು.

ಹಾಗೇ ನಮ್ಮವರ ಒಂದು ಪಾಲೂ ಈ ಊರಿನಲ್ಲಿದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಬೆಳೆದ ಉದ್ಯಮ ಪೂರ್ವ ಆಫ್ರಿಕಕ್ಕೂ ಹಂಚು ಕಳಿಸಿತು. ಇಲ್ಲಿನ ಹಂಚಿನ ಅಂಗಡಿಯಲ್ಲಿ ಈಗಲೂ ಆ ಮಾದರಿಯನ್ನು 'ಮಂಗಳೂರು ಟೈಲ್' ಎಂದೇ ಕೇಳಬೇಕು. ಕನ್ನಡಿಗರು ಸಂಘ ಕಟ್ಟುವ ಮೊದಲೇ ಕನ್ನಡ ನಾಡಿನ ಮಣ್ಣು ಬಂದು ಇಲ್ಲಿಯವರ ತಲೆಯ ಮೇಲೆ ಕೂತಿತ್ತು!

ಕಟ್ಟಡದ ಗುಣವನ್ನು ಬರಿಯ ಮುಖದಿಂದ ಅಳೆಯಬಾರದು. ಅದು ಆ ಊರಿನ ಬಿಸಿಲು ಮಳೆಗೆ ಏನು ಉತ್ತರ ಕೊಡುತ್ತದೆ ಎಂಬುದೂ ಮುಖ್ಯ. ಸ್ಕಾಟ್ಲೆಂಡಿನಲ್ಲಿ ಚಳಿಗಾಲದ ಬಿಸಿಲು ಕೆಲವೇ ತಾಸು. ಅದಕ್ಕೇ ಅಲ್ಲಿನ ಮನೆಗಳಿಗೆ ಎತ್ತರದ ಕಿಟಕಿ, ಹೊರಕ್ಕೆ ಉಬ್ಬಿದ ಗಾಜಿನ ಮೂಲೆಗಳು. ನೈರೋಬಿ ಸಮಭಾಜಕ ವೃತ್ತದಿಂದ ಒಂದೂ ಕಾಲು ಡಿಗ್ರಿ ದಕ್ಷಿಣಕ್ಕಿದೆ. ಜೂನಿನಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ. ಬೀದಿಯ ಯಾವ ಪಕ್ಕವೂ ವರ್ಷವಿಡೀ ನೆರಳಿನಲ್ಲಿರುವಂತಿಲ್ಲ. ಆದ್ದರಿಂದ ಫುಟ್‌ಪಾತಿನ ಮೇಲಿನ ಆ ಚಾವಣಿ ಬರಿಯ ಅಲಂಕಾರವಲ್ಲ. ಏಪ್ರಿಲ್ಲಿನ ಜಡಿಮಳೆಯಲ್ಲಿ ಕೊಡೆಯಿಲ್ಲದೆ ಅಂಗಡಿಯಿಂದ ಅಂಗಡಿಗೆ ಹೋಗಬಹುದು. ನಮ್ಮ ಅಗ್ರಹಾರದ ಬೀದಿಗಳ ಜಗಲಿ ನೆನಪಾಗುತ್ತದೆ. ಮನೆಗೂ ಬೀದಿಗೂ ನಡುವೆ, ಯಾರದೂ ಅಲ್ಲದ, ಎಲ್ಲರದೂ ಆದ ಒಂದು ಮೊಳ ಜಾಗ. ಈಗ ಕಟ್ಟುತ್ತಿರುವ ಗಾಜಿನ ಮಾಲ್‌ಗಳಲ್ಲಿ ಆ ಒಂದು ಮೊಳವೂ ಕಾವಲುಗಾರನದು.

ಇಷ್ಟು ಹೊಗಳಿದ ಮೇಲೆ ತೆಗಳದೆ ಬಿಟ್ಟರೆ ಅದು ವಿಮರ್ಶೆಯಲ್ಲ, ಸನ್ಮಾನ ಪತ್ರ. ಈ ಸಾಲಿನ ದೋಷ ನೋಡಬೇಕಾದರೆ ಹಿಂದೆ ಹೋಗಬೇಕು. ನಗರದ ಹಳೆಯ ಭಾಗದಲ್ಲಿ ಎರಡು ಸಾಲು ಕಟ್ಟಡಗಳ ಬೆನ್ನುಗಳ ನಡುವೆ ಸ್ಯಾನಿಟರಿ ಲೇನ್ ಎಂಬ ಓಣಿಗಳಿವೆ. ಮಲದ ಬಕೆಟ್ ಹೊರುವವರು ಬಂದು ಹೋಗಲು ಮಾಡಿದ ದಾರಿ. ಮುಂಗೋಡೆಯ ಕಲ್ಲಿಗೆ ಅಂಥ ಕೆತ್ತನೆ. ಹಿಂಗೋಡೆಗೆ ಗಾರೆ ಕೂಡ ನೆಟ್ಟಗಿಲ್ಲ. ಈ ಸಾಲುಗಳಲ್ಲೂ, ಎನ್‌ಗಾರಾ, ಪಾರ್ಕ್‌ಲ್ಯಾಂಡ್ಸಿನ ಹಳೆಯ ಕಲ್ಲುಮನೆಗಳಲ್ಲೂ ಮನೆಗೆಲಸದವನ ಕೋಣೆ ಇದ್ದದ್ದು ಈ ಹಿಂಭಾಗದಲ್ಲೇ. ಒಂದು ಬಾಗಿಲು, ಅಂಗೈಯಗಲದ ಕಿಟಕಿ. ಮುಂಬಾಗಿಲ ಕಮಾನಿನ ಕೆಳಗೆ ಅವನಿಗೆ ಪ್ರವೇಶವಿರಲಿಲ್ಲ.

ಇದು ಕಟ್ಟಿಸಿದವರ ಜಿಪುಣತನ ಮಾತ್ರವಲ್ಲ, ಊರಿನ ನಕ್ಷೆಯೇ ಹಾಗಿತ್ತು. ಮತ್ತೆ ಮತ್ತೆ ಬಂದ ಪ್ಲೇಗಿನ ನೆಪದಲ್ಲಿ ಪ್ರೊಫೆಸರ್ ಸಿಂಪ್ಸನ್ ಎಂಬವರು 1913ರಲ್ಲಿ ಊರನ್ನು ಪರಿಶೀಲಿಸಿ, ಬಿಳಿಯರು, ಏಷ್ಯನ್ನರು, ಆಫ್ರಿಕನ್ನರು ಬೇರೆ ಬೇರೆ ಭಾಗದಲ್ಲಿರಬೇಕು ಎಂದು ಶಿಫಾರಸು ಮಾಡಿದರು. 1923ರ ಡೆವನ್‌ಶೈರ್ ಶ್ವೇತಪತ್ರ ಪಟ್ಟಣಗಳಲ್ಲಿ ಈ ವಿಂಗಡಣೆಯನ್ನು ಕಾಗದದ ಮೇಲೆ ಕೈಬಿಟ್ಟಿತು. ಆದರೂ ಜಮೀನಿನ ಕರಾರುಗಳಲ್ಲಿ 'ಇಂಥ ಜನಾಂಗದವರು ಇಲ್ಲಿ ವಾಸಿಸಕೂಡದು' ಎಂಬ ಷರತ್ತು ಉಳಿಯಿತು. ಬಜಾರು ಅಷ್ಟು ಒತ್ತೊತ್ತಾಗಿ ಬೆಳೆದದ್ದೇಕೆ ಎಂಬುದಕ್ಕೂ ಇದು ಒಂದು ಕಾರಣ. ಬೇರೆ ಕಡೆ ಜಾಗ ಸಿಗದವನು ಇದ್ದ ಜಾಗದಲ್ಲೇ ಮೇಲಕ್ಕೆ ಕಟ್ಟುತ್ತಾನೆ. ನಾವು ಇಂದು ಮೆಚ್ಚುವ ಆ ಒಗ್ಗಟ್ಟಿನ ಸಾಲು ಅರ್ಧ ಇಷ್ಟದಿಂದ, ಅರ್ಧ ಒತ್ತಾಯದಿಂದ ಹುಟ್ಟಿದ್ದು. ಅದೇ ಒತ್ತಾಯ ಅನುಭವಿಸಿದವನು ತನ್ನ ಹಿತ್ತಲಲ್ಲಿ ಇನ್ನೊಬ್ಬನಿಗೆ ಕಿಟಕಿಯಿಲ್ಲದಂಥ ಕೋಣೆ ಕಟ್ಟಿದ. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು.

ನಾವು ಕನ್ನಡಿಗರು ಇದರಿಂದ ಹೊರಗಿನವರು ಎಂದು ಬೀಗಬೇಕಿಲ್ಲ. ಬೆಂಗಳೂರಿಗೂ 1898ರಲ್ಲಿ ಪ್ಲೇಗ್ ಬಂತು. ಅದರ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಅಗಲ ರಸ್ತೆ, ಗಾಳಿ ಬೆಳಕು ಎಲ್ಲವನ್ನೂ ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅಲ್ಲೂ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಇತ್ತು. ಯಾರಿಗಾಗಿ ಎಂದು ಕೇಳಿದವರು ಕಡಿಮೆ. ನಿವೇಶನಗಳನ್ನು ಜಾತಿ, ಕೋಮುಗಳ ಲೆಕ್ಕದಲ್ಲಿ ವಿಂಗಡಿಸಿದ್ದೂ ಉಂಟು. ಒಂದೇ ರೋಗಾಣು, ಎರಡು ಊರು. ಒಂದು ಊರು ಬಣ್ಣ ನೋಡಿ ಗೆರೆ ಎಳೆಯಿತು, ಇನ್ನೊಂದು ಜಾತಿ ನೋಡಿ. ಬಸವನಗುಡಿಯ ನನ್ನ ಅಜ್ಜನ ಮನೆಯ ಹಿಂದಿನ ಓಣಿಗೆ ಚೆಂಡು ಬಿದ್ದರೆ ತರಬಾರದು ಎಂದು ಅಜ್ಜಿ ಗದರುತ್ತಿದ್ದಳು. ಬಿಯಾಶಾರಾದ ಹಿಂದಿನ ಓಣಿಯಲ್ಲಿ ಮೊದಲ ಸಲ ನಿಂತಾಗ ನನಗೆ ಆ ಚೆಂಡಿನ ನೆನಪಾಯಿತು.

ಈ ಸಾಲುಗಳ ಮೇಲಂತಸ್ತು ಖಾಲಿಯಾದ ಕತೆ ನಮ್ಮಲ್ಲಿ ಹಿರಿಯರಿಗೆ ಗೊತ್ತು. 1967ರ ವ್ಯಾಪಾರ ಪರವಾನಗಿ ಕಾಯಿದೆ, ವಲಸೆ ಕಾಯಿದೆಗಳ ನಂತರ ಕೀನ್ಯಾ ಪೌರತ್ವ ಪಡೆಯದಿದ್ದ ಸಾವಿರಾರು ಏಷ್ಯನ್ ಕುಟುಂಬಗಳು ಹೊರಟವು. 1968ರ ಆರಂಭದಲ್ಲಿ, ಬ್ರಿಟನ್ ಬಾಗಿಲು ಹಾಕುವ ಮೊದಲು, ವಿಮಾನಗಳೆಲ್ಲ ಭರ್ತಿ. ಹೋದವರಲ್ಲಿ ಎಷ್ಟೋ ಮಂದಿ ಲೆಸ್ಟರಿನ ಬೆಲ್‌ಗ್ರೇವ್ ಕಡೆ ನೆಲೆಸಿದರು. ಎಂಥ ಮನೆಗಳಲ್ಲಿ? ವಿಕ್ಟೋರಿಯಾ ಕಾಲದ ಕೆಂಪು ಇಟ್ಟಿಗೆಯ ಸಾಲುಮನೆಗಳಲ್ಲಿ! ನೈರೋಬಿಯ ಟೆರೇಸ್ ಬಿಟ್ಟು ನಿಜವಾದ ವಿಕ್ಟೋರಿಯನ್ ಟೆರೇಸಿಗೆ ಹೋಗಿ ಸೇರಿದರು. ಅಲ್ಲಿಯೂ ಮುಂದಿನ ಕೋಣೆಯನ್ನು ಅಂಗಡಿ ಮಾಡಿದರು.

ಇಲ್ಲಿ ಉಳಿದ ಮೇಲಂತಸ್ತುಗಳು ಗೋದಾಮು, ಟೈಲರ್ ಕೋಣೆ, ಆಫೀಸುಗಳಾದವು. ಬೀದಿಗೆ ಬೆನ್ನು ತಿರುಗಿಸದೆ ಬದುಕಿಕೊಂಡಿರುವುದೇ ಇದರ ದೊಡ್ಡ ಗುಣ. ಆದರೆ ಆರೋಗ್ಯ ಚೆನ್ನಾಗಿಲ್ಲ. ಬೂದಿಗಲ್ಲು ಉಸಿರಾಡುವ ಕಲ್ಲು. ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಎಣ್ಣೆಬಣ್ಣ ಬಳಿದು, ಸಂದುಗಳಿಗೆ ಗಟ್ಟಿ ಸಿಮೆಂಟು ತುಂಬಿದರೆ ಹೀರಿದ ನೀರು ಹೊರಬರಲಾರದೆ ಮುಖವೇ ಉದುರುತ್ತದೆ. ಕಂಪನಿಗಳು ಜಾಹೀರಾತಿಗಾಗಿ ಇಡೀ ಗೋಡೆಗೆ ತಮ್ಮ ಬಣ್ಣ ಬಳಿಸುತ್ತವೆ; ಮಾಲೀಕನಿಗೆ ಬಿಟ್ಟಿ ಸುಣ್ಣ, ಗೋಡೆಗೆ ಆಯುಷ್ಯಕ್ಷಯ. ಇನ್ನು ಎನ್‌ಗಾರಾ, ಪಾರ್ಕ್‌ಲ್ಯಾಂಡ್ಸಿನಲ್ಲಿ ಬಣ್ಣದ ಪ್ರಶ್ನೆಯೂ ಇಲ್ಲ, ಕಟ್ಟಡವನ್ನೇ ಒಡೆಯುತ್ತಾರೆ. ಒಡೆದವರನ್ನು ಬೈಯುವ ಮೊದಲು ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಬಾಡಿಗೆಗಿರುವ ಫ್ಲ್ಯಾಟಿನ ಜಾಗದಲ್ಲಿ ಹಿಂದೆ ಒಂದು ಕಲ್ಲುಮನೆ ಇತ್ತಂತೆ. ಕಾಂಪೌಂಡಿನ ಮೂಲೆಯಲ್ಲಿ ಅದರ ಒಂದು ಕೆತ್ತಿದ ಕಲ್ಲು ಬಿದ್ದಿದೆ, ಕಾವಲುಗಾರ ಅದರ ಮೇಲೆ ಕೂತು ಚಹಾ ಕುಡಿಯುತ್ತಾನೆ. ನಮ್ಮಲ್ಲಿ ಬಹುಮಂದಿಯ ವಿಳಾಸ ಹೀಗೆಯೇ ಹುಟ್ಟಿದ್ದು.

ನೈರೋಬಿಯಲ್ಲಿ ಏನನ್ನೂ ಉಳಿಸಿಲ್ಲ ಎಂದಲ್ಲ. 1913ರ ಹಳೆಯ ಪ್ರಾಂತಾಧಿಕಾರಿ ಕಚೇರಿ ಈಗ ನೈರೋಬಿ ಗ್ಯಾಲರಿ. ಹಳೆಯ ಬ್ಯಾಂಕಿನ ಕಟ್ಟಡ ರಾಷ್ಟ್ರೀಯ ಪತ್ರಾಗಾರ. 1931ರ ಮೆಕ್‌ಮಿಲನ್ ಗ್ರಂಥಾಲಯ, ಬಹುಕಾಲ ಬಿಳಿಯರಿಗೆ ಮಾತ್ರ ತೆರೆದಿದ್ದದ್ದು, ಈಗ ಎಲ್ಲರ ಹೆಸರಿನಲ್ಲಿದೆ. 2006ರ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಪರಂಪರೆ ಕಾಯಿದೆಯೂ ಇದೆ. ಆದರೆ ಹೀಗೆ ಹೆಸರಿಸಿದವೆಲ್ಲ ಸರ್ಕಾರ, ಬ್ಯಾಂಕು, ಸಾಹೇಬರ ಕಟ್ಟಡಗಳು; ಒಂಟಿಯಾಗಿ ನಿಂತವು. ಸಾಲನ್ನು ಉಳಿಸುವುದು ಕಷ್ಟ, ಏಕೆಂದರೆ ನಡುವಿನ ಒಂದು ಹಲ್ಲು ಕಿತ್ತರೂ ನಗು ಕೆಡುತ್ತದೆ. 2017ರಲ್ಲಿ ಸರ್ಕಾರ ಇಲ್ಲಿನ ಏಷ್ಯನ್ನರನ್ನು ಕೀನ್ಯಾದ 44ನೆಯ ಬುಡಕಟ್ಟು ಎಂದು ಗುರುತಿಸಿತು. ಬುಡಕಟ್ಟು ಎಂದಮೇಲೆ ಅದಕ್ಕೊಂದು ಮೂಲ ಊರು ಇರಬೇಕಲ್ಲ. ಈ ಬುಡಕಟ್ಟಿನ ಮೂಲ ಊರು ಬಿಯಾಶಾರಾ ಬೀದಿಯೇ ಸರಿ.

ಉಳಿಸುವುದಾದರೆ ಮುಂಗೋಡೆಯನ್ನು ಮಾತ್ರ ಉಳಿಸಿ ಹಿಂದೆ ಹತ್ತಂತಸ್ತು ಎಬ್ಬಿಸುವ ಈಗಿನ ಉಪಾಯ ನನಗೆ ಒಪ್ಪಿಗೆಯಿಲ್ಲ. ಹಿಂದಿನ ಓಣಿಯನ್ನೂ ಆ ಸಣ್ಣ ಕೋಣೆಯನ್ನೂ ಉಳಿಸಬೇಕು. ಕಮಾನನ್ನು ಮಾತ್ರ ನೋಡಿದ ನಮ್ಮ ಮಕ್ಕಳು ಹಿಂದಿನವರು ರಾಜರಂತೆ ಬದುಕಿದರು ಎಂದುಕೊಂಡಾರು. ಓಣಿಯನ್ನು ಮಾತ್ರ ನೋಡಿದವರಿಗೆ, ಸುಟ್ಟ ಬಜಾರಿನ ಜಾಗದಲ್ಲಿ ಹೆಸರಿಲ್ಲದ ಫುಂಡಿಗಳು ಎಂಥ ಗೋಡೆ ಎಬ್ಬಿಸಿದರು ಎಂಬುದು ತಿಳಿಯುವುದಿಲ್ಲ.

ಗ್ಲಾಸ್ಗೋ ಫೋಟೋ ತೋರಿಸಿದ ಮಿತ್ರರಿಗೆ ನನ್ನ ಉತ್ತರ ಇಷ್ಟೇ: ಸ್ವಾಮಿ, ಮಗಳು ರಜೆಗೆ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಖೋಜಾ ಮಸೀದಿಯ ಗಡಿಯಾರದ ಗೋಪುರದ ಹತ್ತಿರ ಬನ್ನಿ. ಆಸಕ್ತಿಯಿರುವ ಬೇರೆ ಸದಸ್ಯರೂ ಬರಬಹುದು. ಬೀದಿಯ ಈ ತುದಿಯಿಂದ ಆ ತುದಿಗೆ ತಲೆ ಎತ್ತಿಕೊಂಡು ನಡೆಯೋಣ, ಬರುವಾಗ ಹಿಂದಿನ ಓಣಿಯಿಂದ ಬರೋಣ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅಲ್ಲೇ ತೋರಿಸಿ, ಮುಂದಿನ ಸಂಚಿಕೆಯಲ್ಲಿ ತಿದ್ದುತ್ತೇನೆ. ಕಾಫಿ ಫ್ಲಾಸ್ಕ್ ನನ್ನದು. ಒಬ್ಬಟ್ಟು ಉಳಿದಿದ್ದರೆ ನಿಮ್ಮದು.